ಬೇಸಿಗೆಯಲ್ಲಿ ಗಣಕಯಂತ್ರ ಕಾಯ್ದಾಗ: ಕಾರಣ ಹುಡುಕುವ ಮತ್ತು ಸರಿಪಡಿಸುವ ಕ್ರಮ



ಬೇಸಿಗೆ ಬಂತೆಂದರೆ ಸಂಘದ ಕಚೇರಿಗೆ ಬರುವ ಫೋನುಗಳಲ್ಲಿ ಒಂದು ಬಗೆಯ ದೂರು ಹೆಚ್ಚುತ್ತದೆ. "ಕಂಪ್ಯೂಟರ್ ಮುಂಜಾನೆ ಚೆನ್ನಾಗಿ ನಡೆಯುತ್ತದೆ, ಮಧ್ಯಾಹ್ನ ಎತ್ತಿನ ಗಾಡಿಯಾಗುತ್ತದೆ." "ಬರೆಯುತ್ತಿದ್ದಂತೆಯೇ ತಾನೇ ಬಂದಾಗುತ್ತದೆ." "ಫ್ಯಾನಿನ ಸದ್ದಿಗೆ ಕೂತು ಕೆಲಸ ಮಾಡಲಾಗುವುದಿಲ್ಲ." ಹೀಗೆ ಕೇಳುವವರಲ್ಲಿ ಕನ್ನಡ ಮಾಧ್ಯಮ ಶಾಲೆಗಳ ಗುರುಗಳಿದ್ದಾರೆ, ಮನೆಯಲ್ಲಿ ಡಿಟಿಪಿ ಕೆಲಸ ಮಾಡುವವರಿದ್ದಾರೆ, ನಮ್ಮಂಥ ನಿವೃತ್ತರೂ ಇದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದೇ ಕಡೆ ಕ್ರಮವಾಗಿ ಬರೆದಿಟ್ಟರೆ ಎಲ್ಲರಿಗೂ ಅನುಕೂಲವೆಂದು ಈ ಮಾಹಿತಿಯನ್ನು ಪ್ರಕಟಿಸುತ್ತಿದ್ದೇವೆ. ಇದನ್ನು ಮುದ್ರಿಸಿ ಗಣಕದ ಪಕ್ಕದಲ್ಲಿ ಇಟ್ಟುಕೊಳ್ಳಬಹುದು.

ವಿಷಯ ಸಣ್ಣದೆಂದು ತೋರಬಹುದು. ಆದರೆ ನಮ್ಮ ಭಾಗದಲ್ಲಿ ಇದರ ಹಿಂದೆ ದೊಡ್ಡ ನಷ್ಟದ ಭಯವಿದೆ. ಪ್ರೊಸೆಸರ್ ಬಿಸಿಯಾದರೆ ಕಡತಗಳು ಅಳಿಸಿಹೋಗುವುದಿಲ್ಲ. ಬಿಸಿಯಿಂದ ನಿಧಾನವಾದ ಯಂತ್ರವನ್ನು "ವೈರಸ್ ಬಂದಿದೆ" ಎಂದು ತಿಳಿದು ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಮಾತ್ರ ಎಲ್ಲವೂ ಹೋಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದಂತೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ ಲೇಖನಗಳು, ಶಾಲೆಯ ಸ್ಮರಣ ಸಂಚಿಕೆಗಳು, ಹಿರಿಯರಿಂದ ಕೇಳಿ ಬರೆದುಕೊಂಡ ಹಾಡುಗಳು, ಸದಸ್ಯರ ಯಾದಿಗಳು ಬಹಳ ಕಡೆ ಒಂದೇ ಯಂತ್ರದಲ್ಲಿ, ಒಂದೇ ಪ್ರತಿಯಾಗಿ ಇವೆ. ಮಹಾರಾಷ್ಟ್ರದೊಳಗಿನ ಕನ್ನಡದ ಬರಹ ಇನ್ನೊಂದು ಕಚೇರಿಯಲ್ಲಿ ಸಿಗುತ್ತದೆ ಎಂಬ ಭರವಸೆ ನಮಗಿಲ್ಲ.

ಮಕ್ಕಳ ಮಾತೂ ಇದೆ. ಕರ್ನಾಟಕದ ಸಿಇಟಿ ಪ್ರವೇಶ ನಿಯಮಗಳಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಮತ್ತು ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಗಡಿನಾಡ ಕನ್ನಡಿಗರೆಂಬ ಪ್ರತ್ಯೇಕ ಅರ್ಹತಾ ಕಲಮು ಇದೆ. ಅದಕ್ಕೆ ವಾಸ ಮತ್ತು ವ್ಯಾಸಂಗದ ಪ್ರಮಾಣಪತ್ರಗಳು ಬೇಕು, ಅವುಗಳಲ್ಲಿ ವ್ಯಾಸಂಗದ ಪತ್ರ ಶಾಲೆಯ ಗಣಕದಿಂದಲೇ ಮುದ್ರಣವಾಗಬೇಕು, ಅರ್ಜಿಗೆ ಕೊನೆಯ ದಿನಾಂಕ ಇರುತ್ತದೆ. ಆ ದಿನ ಯಂತ್ರ ಮೂರು ಸಲ ಬಂದಾದರೆ ಪಾಲಕರ ಮುಖ ನೋಡಲಾಗುವುದಿಲ್ಲ.

ಮೊದಲು ಹೆಸರುಗಳು

ನಮ್ಮಲ್ಲಿ ಟೇಬಲ್ಲಿನ ಕೆಳಗಿರುವ ಇಡೀ ಪೆಟ್ಟಿಗೆಗೆ "ಸಿಪಿಯು" ಎನ್ನುವ ರೂಢಿ ಇದೆ. ದುರಸ್ತಿಯ ಮಾತಿನಲ್ಲಿ ಇದು ಗೊಂದಲ ಮಾಡುತ್ತದೆ. ಪೆಟ್ಟಿಗೆಗೆ ಕ್ಯಾಬಿನೆಟ್ ಎನ್ನೋಣ. ಅದರೊಳಗಿನ ದೊಡ್ಡ ಹಸಿರು ಅಥವಾ ಕಪ್ಪು ಹಲಗೆ ಮದರ್‌ಬೋರ್ಡ್. ಅದರ ಮೇಲೆ ಕೂತ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ವ್ಯತ್ಯಾಸದ ಅಳತೆಯ ಚಪ್ಪಟೆ ಚೌಕವೇ ಪ್ರೊಸೆಸರ್. ನಿಜವಾದ ಸಿಪಿಯು ಅದು. ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಗಳ ಹೀಟ್‌ಸಿಂಕ್, ಅದರ ಮೇಲೆ ಫ್ಯಾನ್. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ತೆಳುವಾಗಿ ಹಚ್ಚಿದ ಬೂದು ಬಣ್ಣದ ಲೇಪ ಥರ್ಮಲ್ ಪೇಸ್ಟ್. ಕರೆಂಟು ಒಳಗೆ ಬರುವ ಲೋಹದ ಡಬ್ಬಿ ಎಸ್‌ಎಂಪಿಎಸ್.

ಬಿಸಿ ಹೊರಗೆ ಹೋಗುವ ದಾರಿಯೂ ಇದೇ ಕ್ರಮದಲ್ಲಿದೆ. ಪ್ರೊಸೆಸರಿನಿಂದ ಪೇಸ್ಟಿಗೆ, ಪೇಸ್ಟಿನಿಂದ ಹೀಟ್‌ಸಿಂಕಿಗೆ, ಹೀಟ್‌ಸಿಂಕಿನಿಂದ ಫ್ಯಾನ್ ತಳ್ಳುವ ಗಾಳಿಗೆ, ಆ ಗಾಳಿಯಿಂದ ಕ್ಯಾಬಿನೆಟ್ಟಿನ ಹೊರಗೆ, ಅಲ್ಲಿಂದ ಕೋಣೆಗೆ. ಈ ಐದು ಮೆಟ್ಟಿಲುಗಳಲ್ಲಿ ಎಲ್ಲಿ ತಡೆಯಾದರೂ ಬಿಸಿ ಹಿಂದಕ್ಕೆ ನಿಲ್ಲುತ್ತದೆ. ದುರಸ್ತಿ ಎಂದರೆ ತಡೆ ಯಾವ ಮೆಟ್ಟಿಲಲ್ಲಿದೆ ಎಂದು ಕಂಡುಹಿಡಿಯುವುದು, ಅಷ್ಟೇ.

ಎಷ್ಟು ಬಿಸಿ ಎಂದರೆ ಹೆಚ್ಚು?

ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹಲವು 65 ವ್ಯಾಟ್ ವರ್ಗದವು. ಹಳೆಯ 60 ವ್ಯಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿ ನೋಡಿದವರಿಗೆ ಆ ಬಿಸಿ ನೆನಪಿರುತ್ತದೆ. ಅಷ್ಟು ಬಿಸಿ ಇಲ್ಲಿ ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಆದ್ದರಿಂದ ಪ್ರೊಸೆಸರ್ 70 ಅಥವಾ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದು ಗಾಬರಿಯಾಗಬೇಕಿಲ್ಲ. ಇತ್ತೀಚಿನ ಬಹುಪಾಲು ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮೇಲ್ಮಿತಿ 100 ಡಿಗ್ರಿ. ಎಎಂಡಿ ರೈಜನ್‌ಗಳಲ್ಲಿ ಮಾದರಿಗೆ ತಕ್ಕಂತೆ 90 ಅಥವಾ 95 ಡಿಗ್ರಿ ಸಾಮಾನ್ಯ. ಮಿತಿ ಸಮೀಪಿಸಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನ ಯಂತ್ರ ನಿಧಾನವಾಗುವುದು ಇದರಿಂದಲೇ. ಅಷ್ಟಾದರೂ ಬಿಸಿ ಏರಿದರೆ ಸುಟ್ಟುಹೋಗದಂತೆ ಯಂತ್ರವನ್ನೇ ಆರಿಸುತ್ತದೆ. ಇದು ಕೆಡುಕಲ್ಲ, ಕಾವಲು. ಆದರೆ ಬರೆಯುತ್ತಿದ್ದ ಕಡತ ಉಳಿಸುವ ಮೊದಲೇ ಆರಿದರೆ ಆ ಕಡತ ಕೆಡಬಹುದು.

ನೆನಪಿಡಬೇಕಾದ ಮುಖ್ಯ ಮಾತು: ಗಾಳಿಯಿಂದ ತಣಿಸುವ ಯಾವ ಫ್ಯಾನೂ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಬೆಂಗಳೂರಿನವರು ಹೇಳುವ ಅಂಕಿ ನಮಗೆ ಹೊಂದುವುದಿಲ್ಲ. ಸೊಲ್ಲಾಪುರದಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹೊರಗಿನ ಬಿಸಿ 40 ಡಿಗ್ರಿ ದಾಟುವುದು ವಾಡಿಕೆ. ಪತ್ರೆಯ ಮಾಳಿಗೆಯ ಕೋಣೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಬರಿಯ ಡಿಗ್ರಿ ನೋಡದೆ ವ್ಯತ್ಯಾಸ ನೋಡಬೇಕು. ಪ್ರೊಸೆಸರಿನ ಡಿಗ್ರಿಯಿಂದ ಕೋಣೆಯ ಡಿಗ್ರಿ ಕಳೆಯಿರಿ. ಉಳಿದದ್ದೇ ನಿಮ್ಮ ಯಂತ್ರದ ಲೆಕ್ಕ.

ಒಂದು ಉದಾಹರಣೆ. ಜನವರಿಯಲ್ಲಿ, ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ಕೋಣೆ 24 ಡಿಗ್ರಿ, ಪೂರ್ಣ ಕೆಲಸದಲ್ಲಿ ಪ್ರೊಸೆಸರ್ 66 ಡಿಗ್ರಿ ಎಂದಿಟ್ಟುಕೊಳ್ಳಿ. ವ್ಯತ್ಯಾಸ 42. ಮೇ ತಿಂಗಳಲ್ಲಿ ಕೋಣೆ 40, ಅದೇ ಕೆಲಸದಲ್ಲಿ ಪ್ರೊಸೆಸರ್ 82. ವ್ಯತ್ಯಾಸ ಅದೇ 42. ಯಂತ್ರದಲ್ಲಿ ದೋಷವಿಲ್ಲ, ಋತು ಬದಲಾಗಿದೆ. ಅದೇ ಮೇ ತಿಂಗಳಲ್ಲಿ ಪ್ರೊಸೆಸರ್ 96 ತೋರಿಸಿದರೆ ವ್ಯತ್ಯಾಸ 56. ಹದಿನಾಲ್ಕು ಡಿಗ್ರಿ ಎಲ್ಲಿಂದ ಬಂತು? ಧೂಳು, ಫ್ಯಾನ್, ಪೇಸ್ಟ್ ಇವುಗಳಲ್ಲೊಂದು ಕೆಟ್ಟಿದೆ. ಫ್ಯಾನಿನ ವೇಗ ಬಿಸಿಗೆ ತಕ್ಕಂತೆ ಬದಲಾಗುವುದರಿಂದ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆ ಬರುವುದನ್ನು ಲೆಕ್ಕಿಸಬೇಡಿ.

ಬಿಸಿಯೋ, ಬೇರೆ ರೋಗವೋ?

ಎಲ್ಲ ತೊಂದರೆಯನ್ನೂ ಬಿಸಿಯ ತಲೆಗೆ ಕಟ್ಟಬಾರದು. ಈ ಕೆಳಗಿನಂತೆ ಬೇರ್ಪಡಿಸಿ:

1. ಶುರು ಮಾಡಿದ ಹತ್ತಿಪ್ಪತ್ತು ನಿಮಿಷಗಳ ನಂತರ ನಿಧಾನವಾಗಿ, ತಣಿಯಲು ಬಿಟ್ಟರೆ ಸರಿಯಾದರೆ: ಬಿಸಿಯ ಸಂಶಯ ಬಲವಾದದ್ದು.
2. ಲೈಟು ಮಿಣುಕಿದಾಗ ಅಥವಾ ಕರೆಂಟು ಹೋಗಿ ಬಂದಾಗ ಮಾತ್ರ ಬಂದಾದರೆ: ಯುಪಿಎಸ್ ಬ್ಯಾಟರಿ ನೋಡಿಸಿ.
3. ಮುಂಜಾನೆಯ ತಂಪಿನಲ್ಲೂ ಶುರುವಿನಿಂದಲೇ ನಿಧಾನವಿದ್ದರೆ: ಹಾರ್ಡ್ ಡಿಸ್ಕ್ ಸೋತಿರಬಹುದು ಅಥವಾ ರ್‍ಯಾಮ್ ಸಾಲದಿರಬಹುದು. ಕಟಕಟ ಸದ್ದು ಬರುತ್ತಿದ್ದರೆ ತಡಮಾಡದೆ ಕಡತಗಳ ನಕಲು ತೆಗೆಯಿರಿ.
4. ಸುಟ್ಟ ವಾಸನೆ ಬಂದರೆ: ಒಡನೆ ಗೋಡೆಯ ಸ್ವಿಚ್ ಆರಿಸಿ. ಅದು ಎಸ್‌ಎಂಪಿಎಸ್ ಇರಬಹುದು. ಅದನ್ನು ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟು ನಿಂತಿರುತ್ತದೆ.
5. ಶುರುವಿನಲ್ಲಿಯೇ ಕಪ್ಪು ಪರದೆಯ ಮೇಲೆ "ಸಿಪಿಯು ಫ್ಯಾನ್ ಎರರ್" ಎಂದು ಬಂದರೆ: ಫ್ಯಾನ್ ನಿಂತಿದೆ ಅಥವಾ ಅದರ ವೈರು ಸರಿಯಾದ ಜಾಗದಲ್ಲಿ ಇಲ್ಲ.

ವಿಂಡೋಸ್‌ನಲ್ಲಿ "ಇವೆಂಟ್ ವ್ಯೂವರ್" ಎಂಬ ದಾಖಲೆ ಪುಸ್ತಕವಿದೆ. ಅದರಲ್ಲಿ "ಕರ್ನಲ್ ಪವರ್ 41" ಎಂಬ ನಮೂದು ಇದ್ದರೆ ಯಂತ್ರ ಕ್ರಮವಾಗಿ ಮುಚ್ಚದೆ ಆರಿತ್ತು ಎಂದು ಮಾತ್ರ ಅರ್ಥ. ಕರೆಂಟು ಹೋದರೂ ಇದೇ ನಮೂದು ಬರುತ್ತದೆ. "ಕರ್ನಲ್ ಪ್ರೊಸೆಸರ್ ಪವರ್ 37" ಇದ್ದರೆ ಪ್ರೊಸೆಸರಿನ ವೇಗವನ್ನು ಯಂತ್ರವೇ ಕಟ್ಟಿಹಾಕಿತ್ತು ಎಂದು ತಿಳಿಯಬೇಕು. ಅದಕ್ಕೆ ಬಿಸಿ ಒಂದು ಕಾರಣವಾಗಿರಬಹುದು.

ಎಲ್ಲಕ್ಕೂ ಮೊದಲು: ನಕಲು

ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕಡತಗಳನ್ನು ಪೆನ್ ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಮುಂಜಾನೆ ಆರು ಗಂಟೆಯ ತಂಪಿನಲ್ಲಿ ಮಾಡಿದರೆ ಯಂತ್ರ ನಡುವೆ ಆರುವ ಸಂಭವ ಕಡಿಮೆ. ನುಡಿ, ಬರಹದ ಹಳೆಯ ಕಡತಗಳಿದ್ದರೆ ಅವುಗಳ ಫಾಂಟ್ ಕಡತಗಳನ್ನೂ ಜೊತೆಗೆ ತೆಗೆದಿಡಿ. ಯೂನಿಕೋಡ್ ಬರುವ ಮೊದಲಿನ ಬರಹಗಳು ಆ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿ ಕಾಣುತ್ತವೆ, ಕೆಟ್ಟುಹೋಯಿತೆಂದು ಅಳಿಸಿದವರೂ ಇದ್ದಾರೆ. ನಕಲು ಮಾಡಿದ ಮೇಲೆ ಬೇರೆ ಯಂತ್ರದಲ್ಲಿ ಎರಡು ಮೂರು ಕಡತ ತೆರೆದು ನೋಡಿ. ನೋಡದ ನಕಲು ನಕಲಲ್ಲ.

ಅಳೆಯುವುದು

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂ ಮಾನಿಟರ್, ಎಚ್‌ಡಬ್ಲ್ಯೂ ಇನ್ಫೋ, ಕೋರ್ ಟೆಂಪ್ ಎಂಬ ಸಣ್ಣ ತಂತ್ರಾಂಶಗಳಿವೆ. ಅವುಗಳ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಇರುವ ಯಂತ್ರಗಳಲ್ಲಿ "ಸೆನ್ಸರ್ಸ್" ಎಂಬ ಆಜ್ಞೆ ಸಾಕು. ಯಾವುದೂ ಇಲ್ಲದಿದ್ದರೆ ಬಯೋಸ್ ಪರದೆಯಲ್ಲಿ ಡಿಗ್ರಿ ಕಾಣುತ್ತದೆ. ಆದರೆ ಬಯೋಸ್‌ನಲ್ಲಿ ಪ್ರೊಸೆಸರ್ ವಿಶ್ರಾಂತಿಗೆ ಹೋಗುವುದಿಲ್ಲವಾದ್ದರಿಂದ ಆ ಅಂಕಿ ವಿಂಡೋಸ್‌ನ ಖಾಲಿ ಹೊತ್ತಿನ ಅಂಕಿಗಿಂತ ಹೆಚ್ಚಿರುವುದು ಸಹಜ.

ಕ್ರಮ ಹೀಗಿರಲಿ:

1. ಗೋಡೆಗೆ ತೂಗುಹಾಕುವ ಸಾದಾ ಉಷ್ಣಮಾಪಕವನ್ನು ಕ್ಯಾಬಿನೆಟ್ಟಿನ ಮುಂಭಾಗದ ಹತ್ತಿರ, ಗಾಳಿ ಒಳಹೋಗುವ ಕಡೆ ಇಡಿ. ಕೋಣೆಯ ಡಿಗ್ರಿ ಬರೆದುಕೊಳ್ಳಿ.
2. ಯಂತ್ರ ಶುರು ಮಾಡಿ, ಏನೂ ತೆರೆಯದೆ 15 ನಿಮಿಷ ಬಿಡಿ. ಪ್ರೊಸೆಸರಿನ ಡಿಗ್ರಿ ಬರೆಯಿರಿ.
3. ದಿನನಿತ್ಯದ ಭಾರದ ಕೆಲಸ ಕೊಡಿ: ದೊಡ್ಡ ಪಿಡಿಎಫ್, ಬ್ರೌಸರ್‌ನಲ್ಲಿ ವಿಡಿಯೋ, ಜೊತೆಗೆ ಮುದ್ರಣ. ಮತ್ತೆ 15 ನಿಮಿಷದ ನಂತರ ಡಿಗ್ರಿ, ಫ್ಯಾನಿನ ವೇಗ ಮತ್ತು ಪ್ರೊಸೆಸರಿನ ಗಿಗಾಹರ್ಟ್ಸ್ ಬರೆಯಿರಿ.

ಗಿಗಾಹರ್ಟ್ಸ್ ಏಕೆಂದರೆ, ಮಿತಿ ಮುಟ್ಟಿದ ಮೇಲೆ ಡಿಗ್ರಿ ಏರುವುದಿಲ್ಲ, ವೇಗ ಇಳಿಯುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ "ಪರ್ಫಾರ್ಮನ್ಸ್" ಪುಟದಲ್ಲಿ ಈಗಿನ ವೇಗ ಮತ್ತು ಮೂಲ ವೇಗ ಎರಡೂ ಇರುತ್ತವೆ. ಪೂರ್ಣ ಕೆಲಸದಲ್ಲಿ ಮೂಲ ವೇಗಕ್ಕಿಂತ ಕೆಳಗೆ ಬಿದ್ದು, ಡಿಗ್ರಿ ಮಿತಿಯ ಹತ್ತಿರವಿದ್ದರೆ ರೋಗ ಸಿಕ್ಕಿತು.

ಮುಚ್ಚಳ ತೆಗೆದು ನೋಡುವ ಪರೀಕ್ಷೆ

ಇದು ಖರ್ಚಿಲ್ಲದ ಪರೀಕ್ಷೆ. ಯಂತ್ರ ಆರಿಸಿ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಮತ್ತೆ ಶುರು ಮಾಡಿ, ಅದೇ ಕೆಲಸ ಕೊಟ್ಟು ಅಳೆಯಿರಿ. ಒಳಗೆ ಕೈ ಹಾಕಬೇಡಿ, ಮಕ್ಕಳನ್ನು ದೂರವಿಡಿ.

ಡಿಗ್ರಿ ಚೆನ್ನಾಗಿ ಇಳಿದರೆ (ಹತ್ತು ಡಿಗ್ರಿಯಷ್ಟು) ಪೆಟ್ಟಿಗೆಯೊಳಗೆ ಗಾಳಿ ಆಡುತ್ತಿಲ್ಲ: ಮುಂದಿನ ಜಾಲರಿ ಮುಚ್ಚಿದೆ, ಹಿಂದಿನ ಫ್ಯಾನ್ ನಿಂತಿದೆ ಅಥವಾ ಪೆಟ್ಟಿಗೆ ಗೋಡೆಗೆ ಅಂಟಿದೆ. ಡಿಗ್ರಿ ಹೆಚ್ಚೇನೂ ಬದಲಾಗದಿದ್ದರೆ ತಡೆ ಒಳಗಿದೆ: ಹೀಟ್‌ಸಿಂಕಿನ ಧೂಳು, ಪ್ರೊಸೆಸರ್ ಫ್ಯಾನ್, ಸಡಿಲವಾದ ಹಿಡಿಕೆ ಅಥವಾ ಒಣಗಿದ ಪೇಸ್ಟ್. ಖಾಲಿ ಹೊತ್ತಿನಲ್ಲೂ ಡಿಗ್ರಿ ವಿಪರೀತವಿದ್ದು, ಕೆಲಸ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಮಿತಿಗೆ ಹಾರಿದರೆ ಹೀಟ್‌ಸಿಂಕ್ ಪ್ರೊಸೆಸರಿಗೆ ಸರಿಯಾಗಿ ತಾಗಿಲ್ಲ ಎಂದೇ ತಿಳಿಯಿರಿ. ಮೆಲ್ಲಗೆ ಏರಿದರೆ ಧೂಳು ಅಥವಾ ಗಾಳಿಯ ಕೊರತೆ.

ಪರೀಕ್ಷೆ ಮುಗಿದ ಮೇಲೆ ತಗಡು ಹಾಕಿಬಿಡಿ. ತೆರೆದೇ ಬಿಟ್ಟರೆ ಹಲ್ಲಿ, ಇಲಿ, ಧೂಳು ಎಲ್ಲವೂ ಒಳಗೆ ಬರುತ್ತವೆ.

ನಮ್ಮೂರಿನ ಧೂಳು

ಸೊಲ್ಲಾಪುರದ ಚಾದರ, ಟವೆಲ್ ದೇಶಕ್ಕೆಲ್ಲ ಗೊತ್ತು. ಆದರೆ ಮಗ್ಗಗಳ ಹತ್ತಿರದ ಓಣಿಗಳಲ್ಲಿ ಇರುವವರಿಗೆ ಹತ್ತಿಯ ಎಳೆಯ ಧೂಳೂ ಗೊತ್ತು. ಈ ಎಳೆಗಳು ಹೀಟ್‌ಸಿಂಕಿನ ಪಟ್ಟಿಗಳ ನಡುವೆ ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯ ತುಂಡಿನಂತೆ ಕೂಡುತ್ತವೆ. ಮೇಲಿನಿಂದ ಫ್ಯಾನ್ ತಿರುಗುವುದು ಕಾಣುತ್ತದೆ, ಕೆಳಗೆ ಗಾಳಿ ಹೋಗುವುದಿಲ್ಲ. ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯ ಹಳ್ಳಿಗಳಲ್ಲಿ ಬೇರೆ ಬಗೆ: ಹಿಂಗಾರಿ ಜೋಳದ ರಾಶಿಯ ಹೊತ್ತಿಗೆ ಹಾರುವ ಹೊಟ್ಟು, ಬೇಸಿಗೆಯ ಕರಿಮಣ್ಣಿನ ಪುಡಿ. ಹತ್ತಿ ಧೂಳು ಕಂಬಳಿಯಾಗುತ್ತದೆ, ಮಣ್ಣಿನ ಧೂಳು ಪಟ್ಟಿಗಳಿಗೆ ಲೇಪವಾಗುತ್ತದೆ. ಮೊದಲನೆಯದನ್ನು ಎಳೆದು ತೆಗೆಯಬೇಕು, ಎರಡನೆಯದನ್ನು ಕುಂಚದಿಂದ ಉಜ್ಜಬೇಕು.

ಸ್ವಚ್ಛ ಮಾಡುವ ಕ್ರಮ:

1. ಯಂತ್ರ ಕ್ರಮವಾಗಿ ಮುಚ್ಚಿ, ಪ್ಲಗ್ ಕಿತ್ತು, ಶುರು ಮಾಡುವ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ.
2. ಪೆಟ್ಟಿಗೆಯನ್ನು ಅಂಗಳಕ್ಕೋ ಮಾಳಿಗೆಗೋ ಒಯ್ಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.
3. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ ಇಳಿಯುತ್ತದೆ.
4. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಹಾಯಿಸಿ. ಗಾಳಿಗೆ ಅದು ಗಿರಗಿರನೆ ತಿರುಗಿದರೆ ಬೇರಿಂಗ್ ಕೆಡಬಹುದು.
5. ಪಟ್ಟಿಗಳ ನಡುವೆ ಮೃದುವಾದ ಒಣ ಕುಂಚ ಆಡಿಸಿ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಮದರ್‌ಬೋರ್ಡಿಗೆ ತಾಗಿಸಬೇಡಿ, ಸ್ಥಿರ ವಿದ್ಯುತ್ತಿನ ಭಯವಿದೆ. ಒದ್ದೆ ಬಟ್ಟೆ ಬೇಡವೇ ಬೇಡ.
6. ಮುಂದಿನ ಜಾಲರಿ, ಹಿಂದಿನ ಫ್ಯಾನ್, ಎಸ್‌ಎಂಪಿಎಸ್‌ನ ಜಾಲರಿಗೆ ಹೊರಗಿನಿಂದ ಗಾಳಿ ಹಾಯಿಸಿ.

ಬಹಳ ಯಂತ್ರಗಳು ಇಷ್ಟಕ್ಕೇ ದಾರಿಗೆ ಬರುತ್ತವೆ. ಮತ್ತೆ ಅಳೆದು ಬರೆದುಕೊಳ್ಳಿ.

ಫ್ಯಾನ್

ಪ್ರೊಸೆಸರಿನ ಫ್ಯಾನ್ ವೈರು ಮದರ್‌ಬೋರ್ಡಿನಲ್ಲಿ "ಸಿಪಿಯು ಫ್ಯಾನ್" ಎಂದು ಬರೆದ ಜಾಗದಲ್ಲೇ ಇರಬೇಕು. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿ ನಿಧಾನವಾಗಿ ನಿಲ್ಲಬೇಕು. ಒಡನೆ ನಿಂತರೆ ಅಥವಾ ಗರಗರ ಎಂದರೆ ಬೇರಿಂಗ್ ಮುಗಿದಿದೆ. ಎಣ್ಣೆ ಬಿಟ್ಟು ಕೆಲವು ವಾರ ಓಡಿಸಬಹುದು, ಅದು ಧೂಳನ್ನೂ ಹಿಡಿಯುತ್ತದೆ. ಫ್ಯಾನ್ ಬದಲಿಸುವುದೇ ಸರಿ. ಕ್ಯಾಬಿನೆಟ್ಟಿನ ಫ್ಯಾನ್‌ಗಳಲ್ಲಿ ಮುಂದಿನದು ಗಾಳಿ ಒಳಗೆಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ತೆಳುವಾದ ಕಾಗದದ ಚೂರು ಹಿಡಿದು ನೋಡಿದರೆ ದಿಕ್ಕು ತಿಳಿಯುತ್ತದೆ. ಎರಡೂ ಒಳಗೇ ಎಳೆಯುತ್ತಿದ್ದರೆ ಬಿಸಿ ಗಾಳಿ ಸರಿಯಾಗಿ ಹೊರಹೋಗುವುದಿಲ್ಲ.

ಹಿಡಿಕೆ ಮತ್ತು ಪೇಸ್ಟ್

ಇಂಟೆಲ್ ಪ್ರೊಸೆಸರಿನ ಜೊತೆ ಬರುವ ಹೀಟ್‌ಸಿಂಕಿಗೆ ನಾಲ್ಕು ಮೂಲೆಗಳಲ್ಲಿ ಪ್ಲಾಸ್ಟಿಕ್ ಗೂಟಗಳಿರುತ್ತವೆ. ಪೆಟ್ಟಿಗೆಯನ್ನು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ತಂದು ಒಯ್ದ ಮೇಲೆ ಬಿಸಿ ಶುರುವಾಯಿತೆಂದರೆ ಮೊದಲು ಇವನ್ನು ನೋಡಿ. ಒಂದು ಗೂಟ ಸಡಿಲವಾದರೂ ಹೀಟ್‌ಸಿಂಕ್ ಓರೆಯಾಗುತ್ತದೆ. ತೆಗೆಯುವಾಗ ಗೂಟದ ತಲೆಯನ್ನು ಅದರ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆತ್ತಬೇಕು. ಕೂಡಿಸುವಾಗ ತಲೆಯನ್ನು ಮೊದಲಿನ ಸ್ಥಾನಕ್ಕೆ ತಂದು, ಎದುರುಬದುರು ಮೂಲೆಗಳ ಕ್ರಮದಲ್ಲಿ, "ಟಕ್" ಎನ್ನುವವರೆಗೆ ಒತ್ತಬೇಕು.

ಎಎಂಡಿಯ ಎಎಂ4 ಬೋರ್ಡುಗಳಲ್ಲಿ ಇನ್ನೊಂದು ಎಚ್ಚರ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದು, ಹೀಟ್‌ಸಿಂಕ್ ಎತ್ತಿದರೆ ಪ್ರೊಸೆಸರೂ ಕಿತ್ತು ಬಂದು ಅದರ ಸೂಜಿಗಳು ಬಾಗಬಹುದು. ಹತ್ತು ನಿಮಿಷ ಯಂತ್ರ ನಡೆಸಿ ಬೆಚ್ಚಗಾದ ಮೇಲೆ ಆರಿಸಿ, ಪ್ಲಗ್ ಕಿತ್ತು, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಬೇಕು. ನೇರವಾಗಿ ಜಗ್ಗಬಾರದು.

ಪೇಸ್ಟ್ ಕೆಲವು ವರ್ಷಗಳಲ್ಲಿ ಒಣಗಿ ಸೀಮೆಸುಣ್ಣದಂತಾಗುತ್ತದೆ. ಹೀಟ್‌ಸಿಂಕ್ ಒಮ್ಮೆ ಎತ್ತಿದರೆ ಹಳೆಯ ಪೇಸ್ಟಿನ ಮೇಲೆಯೇ ಮತ್ತೆ ಕೂಡಿಸುವಂತಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಎರಡೂ ಕಡೆ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಜರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಒಣಗಿದ ಮೇಲೆ ಪ್ರೊಸೆಸರಿನ ನಡುವೆ ಬಟಾಣಿಯ ಕಾಳಿಗಿಂತ ತುಸು ಸಣ್ಣ ಗಾತ್ರದ ಪೇಸ್ಟ್ ಇಟ್ಟು ಹೀಟ್‌ಸಿಂಕ್ ನೇರವಾಗಿ ಕೂಡಿಸಿ. ಒತ್ತಡಕ್ಕೆ ಅದು ತಾನೇ ಹರಡುತ್ತದೆ. ರೊಟ್ಟಿಗೆ ಬೆಣ್ಣೆ ಬಳಿದಂತೆ ದಪ್ಪಗೆ ಹಚ್ಚಿದರೆ ಲಾಭವಿಲ್ಲ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ತಗ್ಗುಗಳನ್ನು ತುಂಬುವುದಷ್ಟೇ ಅದರ ಕೆಲಸ. ಹೊಸ ಹೀಟ್‌ಸಿಂಕ್ ತಂದಿದ್ದರೆ ಅದರ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ.

ಕೈ ನಡುಗುವವರು, ಕಣ್ಣು ಮಂಜಾದವರು ಈ ಭಾಗವನ್ನು ತಿಳಿದವರಿಂದ ಮಾಡಿಸಿ. ಪಕ್ಕದಲ್ಲಿ ಕೂತು ನೋಡುವುದಕ್ಕೆ ಅಡ್ಡಿಯಿಲ್ಲ.

ಕೆಲಸದ ಭಾರ

ಯಂತ್ರ ಸ್ವಚ್ಛವಿದ್ದೂ ಬಿಸಿಯಾದರೆ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಮ್ಮಿನಲ್ಲಿ ಯಾವುದು ಮೇಲಿದೆ ನೋಡಿ. ಅಪ್‌ಡೇಟ್, ಆಂಟಿವೈರಸ್ ತಪಾಸಣೆ ನಡೆದಿದ್ದರೆ ಮುಗಿಯಲು ಬಿಡಿ. ಇಪ್ಪತ್ತು ಪುಟ ತೆರೆದ ಬ್ರೌಸರ್ ಇದ್ದರೆ ಮುಚ್ಚಿ. ಗೊತ್ತಿಲ್ಲದ ಹೆಸರಿನ ಕಾರ್ಯಕ್ರಮ ಸದಾ ಮೇಲೆಯೇ ಇದ್ದರೆ ಸಂಶಯಪಡಿ. ಕದ್ದ ತಂತ್ರಾಂಶಗಳ ಜೊತೆ, ನಿಮ್ಮ ಯಂತ್ರವನ್ನು ಬೇರೆಯವರಿಗಾಗಿ ದುಡಿಸುವ ಕಾರ್ಯಕ್ರಮಗಳು ಬರುವುದುಂಟು.

ಕೊನೆಯ ದಿನಾಂಕ ನಾಳೆಯೇ ಇದೆ, ದುರಸ್ತಿಗೆ ಸಮಯವಿಲ್ಲ ಎಂದಾದರೆ ತಾತ್ಕಾಲಿಕ ಉಪಾಯ ಒಂದಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಂದುವರಿದ ಸೆಟ್ಟಿಂಗುಗಳಿಗೆ ಹೋಗಿ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಬಹಳ ಯಂತ್ರಗಳಲ್ಲಿ ಇದರಿಂದ ಟರ್ಬೊ ವೇಗ ನಿಂತು ಬಿಸಿ ಗಮನಾರ್ಹವಾಗಿ ಇಳಿಯುತ್ತದೆ. ಪತ್ರ ಟೈಪು ಮಾಡುವ, ಪ್ರಮಾಣಪತ್ರ ಮುದ್ರಿಸುವ ಕೆಲಸಕ್ಕೆ ಆ ವೇಗ ಬೇಕಾಗಿಲ್ಲ.

ಕೋಣೆಯೇ ಕಾರಣವಾದಾಗ

ವ್ಯತ್ಯಾಸದ ಲೆಕ್ಕ ಸರಿಯಿದ್ದು ಒಟ್ಟು ಡಿಗ್ರಿ ಮಾತ್ರ ಹೆಚ್ಚಿದ್ದರೆ ಯಂತ್ರವನ್ನು ಬಿಚ್ಚಿ ಪ್ರಯೋಜನವಿಲ್ಲ, ಜಾಗ ಬದಲಿಸಬೇಕು. ಟೇಬಲ್ಲಿನ ಮುಚ್ಚಿದ ಕಪಾಟಿನಿಂದ ಪೆಟ್ಟಿಗೆಯನ್ನು ಹೊರಗೆ ತೆಗೆಯಿರಿ. ಹಿಂಭಾಗಕ್ಕೂ ಗೋಡೆಗೂ ಒಂದು ಗೇಣು ಅಂತರವಿರಲಿ. ನೆಲಕ್ಕಿಂತ ಅರ್ಧ ಅಡಿ ಎತ್ತರದ ಮಣೆಯ ಮೇಲಿದ್ದರೆ ಕಸಬರಿಗೆಯ ಧೂಳು ಕಡಿಮೆ. ಪಡುವಣ ಬಿಸಿಲು ಬೀಳುವ ಕಿಟಕಿಯ ಕೆಳಗೆ ಬೇಡ. ಕೂಲರ್ ಇರುವ ಮನೆಗಳಲ್ಲಿ ಅದರ ಗಾಳಿ ಕೋಣೆಗೆ ಬರಲಿ, ನೇರವಾಗಿ ಪೆಟ್ಟಿಗೆಯ ಮೇಲೆ ಬೇಡ. ನೀರಿನ ಹನಿಗಳೂ ಗಡಸು ನೀರಿನ ಉಪ್ಪೂ ಒಳಗೆ ಹೋಗುತ್ತವೆ.

ಅಕ್ಕರೆಯಿಂದ ಹೊಲಿದ ಕಸೂತಿಯ ಹೊದಿಕೆಯನ್ನು ಯಂತ್ರ ನಡೆಯುವಾಗ ಪೂರ್ತಿ ತೆಗೆಯಿರಿ, ಆರಿ ತಣಿದ ಮೇಲೆ ಹೊದಿಸಿ. ಖಂಡೇನವಮಿಯ ಪೂಜೆಯನ್ನು ಅವಶ್ಯ ಮಾಡಿ. ಭಂಡಾರ, ಕುಂಕುಮ, ಹೂವು ಪೆಟ್ಟಿಗೆಯ ಮುಂದಿರಲಿ, ಗಾಳಿಯ ರಂಧ್ರಗಳ ಮೇಲೆ ಬೇಡ.

ಅಂಗಡಿಗೆ ಒಯ್ಯುವಾಗ

ಇಷ್ಟೆಲ್ಲ ಮಾಡಿದ ಮೇಲೂ ಸರಿಯಾಗದಿದ್ದರೆ ಅಂಗಡಿಗೆ ಒಯ್ಯಲೇಬೇಕು. ಆಗ ಚೀಟಿಯ ಮೇಲೆ ಬರೆದು ಪೆಟ್ಟಿಗೆಗೆ ಅಂಟಿಸಿ: "ಪ್ರೊಸೆಸರ್ ಬಿಸಿಯಾಗುತ್ತದೆ. ಕೇಳದೆ ಫಾರ್ಮ್ಯಾಟ್ ಮಾಡಬಾರದು." ಮರಾಠಿಯಲ್ಲೂ ಬರೆಯಿರಿ. ನೀವು ಅಳೆದ ಅಂಕಿಗಳನ್ನು ತೋರಿಸಿ. ಅಂಕಿ ತೋರಿಸುವ ಗಿರಾಕಿಗೆ ಹೊಸ ಯಂತ್ರ ಮಾರುವುದು ಕಷ್ಟ. ಹಳೆಯ ಯಂತ್ರಕ್ಕೆ ದುಬಾರಿ ಕೂಲರ್ ಹಾಕಿಸುವುದು ಮೂಗಿಗಿಂತ ಮೂಗುತಿ ಭಾರವಾದಂತೆ. 65 ವ್ಯಾಟಿನ ಪ್ರೊಸೆಸರಿಗೆ ಸ್ವಚ್ಛವಾದ ಸಾದಾ ಹೀಟ್‌ಸಿಂಕ್ ಸಾಮಾನ್ಯವಾಗಿ ಸಾಕು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ, ರಸೀದಿ ತೆಗೆದುಕೊಳ್ಳಿ.

ವರ್ಷದ ವೇಳಾಪಟ್ಟಿ

ಜನವರಿ: ತಂಪಿನಲ್ಲಿ ಒಮ್ಮೆ ಅಳೆದು ವ್ಯತ್ಯಾಸ ಬರೆದಿಡುವುದು. ಇದೇ ವರ್ಷದ ಮೂಲ ಅಂಕಿ.
ಮಾರ್ಚ್ ಕೊನೆ: ರಾಶಿ ಮುಗಿದ ಮೇಲೆ ಪೂರ್ಣ ಸ್ವಚ್ಛತೆ. ಮಗ್ಗದ ಓಣಿಯವರು ಮೂರು ತಿಂಗಳಿಗೊಮ್ಮೆ.
ಏಪ್ರಿಲ್, ಮೇ: ಹದಿನೈದು ದಿನಕ್ಕೊಮ್ಮೆ ಅಳತೆ. ಭಾರದ ಕೆಲಸ ಮುಂಜಾನೆ ಹತ್ತರೊಳಗೆ.
ಜೂನ್: ಶಾಲೆ ಶುರುವಾಗುವ ಮೊದಲು ಕಡತಗಳ ನಕಲು.
ದಸರೆ: ಪೂಜೆಗೆ ಮುನ್ನ ಸ್ವಚ್ಛತೆ, ಫ್ಯಾನ್ ತಪಾಸಣೆ.

ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆರು ಕಾಲಮ್ಮು ಹಾಕಿ: ದಿನಾಂಕ, ಹೊತ್ತು, ಕೋಣೆಯ ಡಿಗ್ರಿ, ಪ್ರೊಸೆಸರಿನ ಡಿಗ್ರಿ, ವ್ಯತ್ಯಾಸ, ಷರಾ. ನಾವು ದಫ್ತರದಲ್ಲಿ ದುಡಿದವರು, ರಜಿಸ್ಟರ್ ನಮಗೆ ಹೊಸದಲ್ಲ. ಎರಡು ಬೇಸಿಗೆಯ ಅಂಕಿಗಳು ಒಂದೇ ಪುಟದಲ್ಲಿದ್ದರೆ ಯಂತ್ರ ಏನು ಹೇಳುತ್ತಿದೆ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಕನ್ನಡ ಮಾಧ್ಯಮ ಶಾಲೆಗಳ ಮುಖ್ಯಗುರುಗಳಲ್ಲಿ ಒಂದು ವಿನಂತಿ. ಶಾಲೆಯ ಗಣಕದಲ್ಲಿರುವ ಹಳೆಯ ಕನ್ನಡ ಕಡತಗಳ ಒಂದು ಪ್ರತಿಯನ್ನು ಈ ಬೇಸಿಗೆಯೊಳಗೆ ಶಾಲೆಯ ಹೊರಗೆ, ವಿಶ್ವಾಸದವರ ಕೈಯಲ್ಲಿ ಇಡಿ. ಯಂತ್ರ ಕೆಟ್ಟರೆ ಹೊಸದು ಸಿಗುತ್ತದೆ. ಹಿರಿಯರು ಹೇಳಿ ಬರೆಸಿದ್ದನ್ನು ಹೇಳಲು ಈಗ ಅವರಿಲ್ಲ.

— ಕಾರ್ಯದರ್ಶಿ, ಸಂಘದ ಪರವಾಗಿ